ಹದಿನಾಲ್ಕು ಅಂಗುಲದ ಪೆಟ್ಟಿಗೆ

ಧೂಳು ಒರೆಸೋಣವೆಂದು ಕಂಪ್ಯೂಟರ್ ಪೆಟ್ಟಿಗೆಯ ಪಕ್ಕದ ತಗಡನ್ನು ಸ್ವಲ್ಪ ಹಿಂದಕ್ಕೆ ಎಳೆದೆ. ತಗಡು ಬಂತು, ಅದರ ಕೆಳಗಿನ ಅಂಚು ಬರಲಿಲ್ಲ. ಅಂಚು ನಾಲ್ಕು ತುಂಡಾಗಿ ಸುಟ್ಟ ಹಪ್ಪಳದ ಹಾಗೆ ನೆಲದ ಮೇಲೆ ಬಿದ್ದಿತ್ತು. ಪೆಟ್ಟಿಗೆಯನ್ನು ಓರೆ ಮಾಡಿ ನೋಡಿದರೆ ತಳವೂ ತೂತು. ತೂತಿನಿಂದ ಒಂದು ಇರುವೆ ಹೊರಗೆ ಬಂದು, ನನ್ನನ್ನು ನೋಡಿ, ಮತ್ತೆ ಒಳಗೆ ಹೋಯಿತು.

ಆಶ್ಚರ್ಯವೇನೂ ಆಗಲಿಲ್ಲ. ನಮ್ಮ ಮನೆ ಇರುವುದು ಕುಂದಾಪುರದ ಕೋಡಿಯಲ್ಲಿ, ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ. ಇಲ್ಲಿ ಕಬ್ಬಿಣಕ್ಕೆ ಆಯುಸ್ಸು ಕಡಿಮೆ. ಕಿಟಕಿಯ ಸರಳು, ಬಾಗಿಲ ಚಿಲಕ, ಗಂಡನ ಬೈಕಿನ ಮಡ್‌ಗಾರ್ಡ್, ಎಲ್ಲವೂ ಸರದಿಯಂತೆ ಹೋಗುತ್ತವೆ. ಕಂಪ್ಯೂಟರಿನ ಸರದಿ ಬಂದಿತ್ತು, ಅಷ್ಟೆ.

ನಾನು ಮಾಡುವುದು ಕರಡು ತಿದ್ದುವ ಕೆಲಸ. ಪುಸ್ತಕ ಅಚ್ಚಾಗುವ ಮುಂಚೆ ಅದರಲ್ಲಿರುವ ಕಾಗುಣಿತದ ತಪ್ಪು ಹಿಡಿಯುವುದು, ಪುಟ ಜೋಡಿಸುವುದು. ಊರ ಸಂಘದ ಸ್ಮರಣ ಸಂಚಿಕೆಯಿಂದ ಹಿಡಿದು ದೊಡ್ಡವರ ಆತ್ಮಕಥೆಯವರೆಗೆ ನನ್ನ ಕೈ ದಾಟಿ ಹೋಗಿವೆ. ಮದುವೆಯಾಗಿ ಬಂದಾಗ ತವರಿನಿಂದ ತಂದದ್ದು ಈ ವಿದ್ಯೆಯೊಂದೇ. ಆದರೆ ನಮ್ಮ ಮನೆಯಲ್ಲಿ ಇದಕ್ಕೆ ಕೆಲಸ ಎಂಬ ಹೆಸರಿರಲಿಲ್ಲ. ಅತ್ತೆಯದು ಕೆಲಸ, ಕೋಟೇಶ್ವರದ ಕಡೆ ಮನೆಮನೆಗೆ ಮೀನು ಕೊಟ್ಟು ಬರುತ್ತಾರೆ. ಗಂಡನದು ಕೆಲಸ, ಉಡುಪಿ ಬಸ್ಸಿನ ಚಾಲಕ. ಮಾವನದು ಕೆಲಸ, ಮರಗೆಲಸ, ಈಗ ಹೆಚ್ಚಾಗಿ ದೋಣಿ ರಿಪೇರಿ. ನನ್ನದು ಕುಟ್ಟುವುದು. ಯಾರಾದರೂ ಬಂದು ಸೊಸೆ ಎಲ್ಲಿ ಎಂದು ಕೇಳಿದರೆ ಅತ್ತೆ ಒಳಗಿನಿಂದ ಕೂಗಿ ಹೇಳುತ್ತಿದ್ದರು:

"ಒಳ್ಗ್ ಕುಟ್ತಾ ಇತ್ತ್."

ಕೀಲಿಮಣೆಯ ಸದ್ದಿಗೆ ಅದು ತಪ್ಪು ಶಬ್ದವೇನಲ್ಲ. ಅಕ್ಕಿ ಕುಟ್ಟುವವರಿಗೂ ಅದೇ ಶಬ್ದ. ಆದರೂ ಪ್ರತಿ ಸಲ ಕೇಳುವಾಗ ನನಗೆ ಸಿಟ್ಟು ಬರುತ್ತಿತ್ತು.

ಕುಟ್ಟುವ ಜಾಗ ಉಪ್ಪರಿಗೆಗೆ ಹೋಗುವ ಮೆಟ್ಟಿಲಿನ ಅಡಿ. ಅಲ್ಲಿ ಒಂದು ಮೇಜು, ಮೇಜಿನ ಕೆಳಗೆ ಕಂಪ್ಯೂಟರಿನ ಪೆಟ್ಟಿಗೆ. ನೆಂಟರು ಬಂದರೆ ಮೇಜಿನ ಮೇಲೆ ಪಾತ್ರೆ ಕೂರುತ್ತದೆ. ಖಾಲಿ ಸಿಲಿಂಡರ್ ಪಕ್ಕದಲ್ಲಿ ನಿಲ್ಲುತ್ತದೆ. ಹೇಗೋ ನಡೆಯುತ್ತಿತ್ತು. ತಗಡು ಮುರಿದ ಅದೇ ವಾರ ಅತ್ತೆ ಒಂದು ಸುದ್ದಿ ತಂದರು. ಬೈಂದೂರಿನಲ್ಲಿ ಐಸ್‌ಕ್ರೀಮ್ ಅಂಗಡಿಯೊಂದು ಮುಚ್ಚುತ್ತಿದೆ, ಅದರ ಫ್ರೀಜರ್ ಅಗ್ಗಕ್ಕೆ ಸಿಗುತ್ತದೆ, ಬೇಸಿಗೆಯ ವ್ಯಾಪಾರ ಮುಗಿದ ಕೂಡಲೇ ಕೊಡುತ್ತಾರೆ. ಅತ್ತೆಗೆ ಬಹಳ ವರ್ಷದಿಂದ ಫ್ರೀಜರಿನ ಆಸೆ. ಉಳಿದ ಮೀನನ್ನು ಸಂಜೆ ಸಿಕ್ಕಿದ ಬೆಲೆಗೆ ಕೊಟ್ಟು ಬರುವ ಸಂಕಟ ನನಗೂ ಗೊತ್ತಿತ್ತು. ಬೇಡ ಎನ್ನಲು ನನ್ನ ಬಳಿ ನ್ಯಾಯ ಇರಲಿಲ್ಲ.

ಫ್ರೀಜರ್ ಇಡಲು ಮನೆಯಲ್ಲಿ ಇದ್ದದ್ದು ಒಂದೇ ಜಾಗ, ಮೆಟ್ಟಿಲಡಿ. ಅತ್ತೆ ಗೋಡೆಯಿಂದ ಅಳೆದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಗೋಡೆಯಿಂದ ಗೆರೆಗೆ ಹದಿನೈದು ಇಂಚು. ಅದರಾಚೆಯದೆಲ್ಲ ಫ್ರೀಜರಿಗೆ.

"ಕಾಣ್, ನಿನ್ ಪೆಟ್ಟಿ ಈ ಗೆರಿ ದಾಂಟೂಕಿಲ್ಲ. ದಾಂಟ್ರೆ ಉಪ್ಪರ್ಗಿಗೆ ಹೊತ್ಕಂಡ್ ಹೋಯ್ಕ್."

ಉಪ್ಪರಿಗೆ ಎಂದರೆ ಹೆಂಚಿನ ಕೆಳಗೆ ಕಾಯಿ ರಾಶಿ ಹಾಕುವ ಜಾಗ. ಹಗಲಿನಲ್ಲಿ ಅಲ್ಲಿ ತೆಂಗಿನಕಾಯಿ ತಾನೇ ಒಣಗುತ್ತದೆ, ಪ್ಲಗ್ ಪಾಯಿಂಟಿಲ್ಲ, ತಲೆ ಎತ್ತಿದರೆ ಹೆಂಚು ಹೊತ್ತ ಪಕಾಸಿಗೆ ತಾಗುತ್ತದೆ. ಅಲ್ಲಿಗೆ ಹೋಗುವುದೆಂದರೆ ಕೆಲಸ ಬಿಡುವುದೆಂದೇ ಅರ್ಥ. ಅತ್ತೆಗೆ ಅದು ಗೊತ್ತಿರಲಿಲ್ಲ. ನಾನು ಹೇಳಲೂ ಇಲ್ಲ. ಗೆರೆಯ ಒಳಗೆ ಕೂತು ತೋರಿಸುತ್ತೇನೆ ಎಂದು ಮನಸ್ಸಿನಲ್ಲೇ ಹಟ ಹಿಡಿದೆ.

ಮುರಿದ ಪೆಟ್ಟಿಗೆಯನ್ನು ಗಂಡನ ಬಸ್ಸಿನಲ್ಲೇ ಬ್ರಹ್ಮಾವರಕ್ಕೆ ಒಯ್ದೆ. ಅಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವರೊಬ್ಬರಿದ್ದಾರೆ, ಮೊದಲಿನಿಂದ ನನ್ನ ಯಂತ್ರಕ್ಕೆ ಅವರೇ ವೈದ್ಯರು. ಟಾರ್ಚ್ ಬಿಟ್ಟು ನೋಡಿ ಅವರು ನಕ್ಕರು.

"ಒಳ್ಗಿಂದೆಲ್ಲ ಲಾಯ್ಕ್ ಇತ್ತ್ ಮಾರಾಯ್ರೆ. ಡಬ್ಬಿ ಮಾತ್ರ ಹೋದ್ದ್. ಹೊಸ ಡಬ್ಬಿ ಹಾಕ್ರೂ ನಿಮ್ಮ್ ಬದಿಗ್ ನಾಲ್ಕ್ ವರ್ಷ ಬಪ್ಪುದಿಲ್ಲ."

ಹಾಗಾದರೆ ಮರದ್ದು ಮಾಡಿಸಬಹುದೇ ಎಂದು ಕೇಳಿದೆ. ಅವರು ತಲೆ ತುರಿಸಿಕೊಂಡರು. ಗಾಳಿ ಆಡಬೇಕು, ಒಳಗಿನ ಬಿಸಿ ಹೊರಗೆ ಹೋಗಬೇಕು, ಮದರ್‌ಬೋರ್ಡ್ ಮರಕ್ಕೆ ತಾಗಬಾರದು. ಅಷ್ಟು ನೋಡಿಕೊಂಡರೆ ಮರವಾದರೇನು, ಬುಟ್ಟಿಯಾದರೇನು ಎಂದರು. ಹಳೆಯದೊಂದು ಫ್ಯಾನನ್ನೂ ಮುಷ್ಟಿ ತುಂಬ ಹಿತ್ತಾಳೆಯ ತಿರುಪುಗಳನ್ನೂ ಸುಮ್ಮನೆ ಕೊಟ್ಟರು.

ಮೊಬೈಲಿನಲ್ಲಿ ಇಂಥ ಪೆಟ್ಟಿಗೆ ಮಾಡುವವರ ವಿಡಿಯೊಗಳನ್ನು ನೋಡಿದೆ. ಗಾಜಿನ ಗೋಡೆ, ಒಳಗೆ ಬಣ್ಣದ ದೀಪ, ನೀರು ಹರಿಯುವ ಕೊಳವೆ. ಮೆರವಣಿಗೆಯ ಸ್ತಬ್ಧಚಿತ್ರ ನೋಡಿದ ಹಾಗಾಯಿತು. ನನಗೆ ಬೇಕಾದದ್ದು ಯಾರ ಕಣ್ಣಿಗೂ ಬೀಳದ ಪೆಟ್ಟಿಗೆ. ಖರ್ಚಿನ ವಿಷಯದಲ್ಲಿ ನಾನೇ ಒಂದು ನಿಯಮ ಹಾಕಿಕೊಂಡೆ: ಹೊಸ ತಗಡಿನ ಪೆಟ್ಟಿಗೆಗೆ ಬೀಳುವುದರ ಅರ್ಧವನ್ನು ಮೀರಬಾರದು. ಮನೆಯಲ್ಲಿ ಇದ್ದದ್ದನ್ನೇ ಹೊಂದಿಸಬೇಕು.

ಒಂದು ತಿಂಗಳು ನೋಟ್‌ಬುಕ್ಕಿನಲ್ಲಿ ಗೀಚಿದೆ. ಕರಡು ತಿದ್ದುವವರಿಗೆ ಅರ್ಧ ಮಿಲಿಮೀಟರಿನ ಜಾಗದ ಮೇಲೂ ಕಣ್ಣಿರುತ್ತದೆ, ಆ ಕಣ್ಣು ಇಲ್ಲಿ ಕೆಲಸಕ್ಕೆ ಬಂತು. ಮದರ್‌ಬೋರ್ಡ್ ಹತ್ತು ಇಂಚಿನೊಳಗೆ. ಅದರ ಮೇಲೆ ಕರೆಂಟಿನ ಪೆಟ್ಟಿಗೆಯನ್ನು ಅಡ್ಡ ಮಲಗಿಸಿದರೆ ಎತ್ತರ ಹದಿನಾಲ್ಕು. ಮುಂದೆ ಫ್ಯಾನ್, ಹಾರ್ಡ್‌ಡಿಸ್ಕ್, ಆಳವೂ ಹದಿನಾಲ್ಕು. ಅಗಲ ಏಳು. ಗೆರೆಗೆ ಇನ್ನೂ ಒಂದು ಇಂಚು ಉಳಿಯುತ್ತಿತ್ತು, ಹಿಂದಿನ ವಯರ್ ಬಗ್ಗಲು ಅಷ್ಟು ಬೇಕೇ ಬೇಕು. ಮೇಜು ತೆಗೆದು ಪರದೆಯನ್ನು ಗೋಡೆಗೆ ತೂಗುಹಾಕುವುದು, ಕೀಲಿಮಣೆಗೆ ಮಡಚುವ ಹಲಗೆ, ಕೂರಲು ಫ್ರೀಜರಿನ ಪಕ್ಕದಲ್ಲಿ ಸ್ಟೂಲು. ಮದರ್‌ಬೋರ್ಡ್ ಕೂರಿಸಲು ತರಕಾರಿ ಹೆಚ್ಚುವ ಪ್ಲಾಸ್ಟಿಕ್ ಮಣೆ. ಗಾಳಿಯ ಕಂಡಿಗೆ ಹಲ್ಲಿ ಹೋಗದಂತೆ ಹಳೆಯ ಸಿಗಡಿ ಬಲೆಯ ತುಂಡು. ಹಳೆಯ ಡಬ್ಬಿಯ ಸ್ವಿಚ್ಚೂ ತುಕ್ಕು ತಿಂದಿತ್ತು. ಒತ್ತಿದರೆ ಎರಡು ತಂತಿ ಒಂದು ಕ್ಷಣ ತಾಗಬೇಕು, ಬಿಟ್ಟರೆ ಬಿಡಬೇಕು, ಅಷ್ಟೇ ಅದರ ಕೆಲಸ ಎಂದು ಬ್ರಹ್ಮಾವರದವರು ಹೇಳಿದ್ದರು. ಅದನ್ನೇ ಮಾಡುವ ಇನ್ನೊಂದು ವಸ್ತು ಮನೆಯಲ್ಲಿತ್ತು, ಹಾಳಾದ ಕರೆಗಂಟೆಯ ಗುಂಡಿ. ಈ ಉಪಾಯ ಹೊಳೆದ ದಿನ ನನಗೆ ನನ್ನ ಮೇಲೆ ವಿಪರೀತ ಗೌರವ ಬಂತು.

ಅಳತೆ ಸರಿಯೇ ಎಂದು ನೋಡಲು ರಟ್ಟಿನಲ್ಲಿ ಒಂದು ಮಾದರಿಯನ್ನೂ ಮಾಡಿ ಮೆಟ್ಟಿಲಡಿ ಇಟ್ಟಿದ್ದೆ. ಲಕ್ಷಣವಾಗಿ ಗೆರೆಯ ಒಳಗೆ ಕೂತಿತ್ತು. ಎರಡು ದಿನದಲ್ಲಿ ಅತ್ತೆ ಅದಕ್ಕೆ ಒಣಮೀನು ತುಂಬಿಸಿ ತೆಕ್ಕಟ್ಟೆಯ ತಂಗಿಯ ಮನೆಗೆ ಕಳಿಸಿಬಿಟ್ಟರು. ಒಳ್ಳೆ ಗಟ್ಟಿ ಪೆಟ್ಟಿ ಇತ್ತು ಎಂದು ಹೊಗಳಿದರು ಕೂಡ.

ಇನ್ನು ಉಳಿದದ್ದು ಮಾಡುವವರು. ಮನೆಯಲ್ಲೇ ಮರಗೆಲಸದವರಿದ್ದರೂ ಕೇಳಲು ನನಗೆ ಅಳುಕು. ಮಾವ ಹೆಚ್ಚು ಮಾತಿನವರಲ್ಲ. ನಾನು ಬಂದಾಗಿನಿಂದ ನನ್ನ ಹತ್ತಿರ ಆಡಿದ ಮಾತು ಒಂದು ಪುಟಕ್ಕೂ ಬರಲಿಕ್ಕಿಲ್ಲ. ಹೊಳೆ ಬದಿಯಲ್ಲಿ ಅವರದೊಂದು ಕೆಲಸದ ಚಪ್ಪರ ಇದೆ, ಬೆಳಿಗ್ಗೆ ಹೋದರೆ ಊಟಕ್ಕೆ ಬರುತ್ತಾರೆ, ಮತ್ತೆ ಹೋಗುತ್ತಾರೆ. ಮನೆಯಲ್ಲಿದ್ದಷ್ಟು ಹೊತ್ತು ಮುಂಬಾಗಿಲ ಒಳಗಿನ ಚಾವಡಿಯಲ್ಲಿ ಕಿಟಕಿ ಪಕ್ಕದ ಕುರ್ಚಿ ಅವರದು, ಅಲ್ಲಿ ಬೇರೆ ಯಾರೂ ಕೂರುವುದಿಲ್ಲ. ಒಂದು ಮಧ್ಯಾಹ್ನ ಆ ಕುರ್ಚಿಯ ಮುಂದೆ ನಿಂತು ವಿಷಯ ಹೇಳಿದೆ. ಅವರು ಕೇಳಿದ್ದು ಎರಡೇ ಪ್ರಶ್ನೆ.

"ನೀರ್ ಬೀಳತ್ತಾ?"

ಇಲ್ಲ ಎಂದೆ.

"ಒಳ್ಗ್ ಬಿಸಿ ಆತ್ತಾ?"

ಆಗುತ್ತದೆ ಎಂದೆ.

"ಅಳ್ತಿ ಬರ್ದ್ ಕೊಡ್. ಬಾಯಗ್ ಹೇಳ್ರೆ ನಂಗ್ ನೆನಪಿಪ್ಪುದಿಲ್ಲ."

ಬರೆದು ಕೊಟ್ಟೆ. ಚಿತ್ರ ಬಿಡಿಸಿ, ಬಾಣ ಹಾಕಿ, ದುಂಡಗಿನ ಅಕ್ಷರದಲ್ಲಿ. ಎತ್ತರ ಹದಿನಾಲ್ಕು ಅಂಗುಲ, ಆಳ ಹದಿನಾಲ್ಕು ಅಂಗುಲ, ಅಗಲ ಏಳು ಅಂಗುಲ. ಇಲ್ಲಿ ನನ್ನ ಒಂದು ಚಾಳಿಯ ವಿಷಯ ಹೇಳಬೇಕು. ಕರಡಿನಲ್ಲಿ 'ಇಂಚು' ಕಂಡರೆ ನಾನು ಹೊಡೆದುಹಾಕಿ 'ಅಂಗುಲ' ಎಂದು ಬರೆಯುತ್ತೇನೆ. ಕನ್ನಡದಲ್ಲಿ ಶಬ್ದ ಇರುವಾಗ ಸಾಲ ಏಕೆ ಎಂದು ನನ್ನ ವಾದ. ಲೇಖಕರು ಗೊಣಗಿದರೂ ಬಿಡುವುದಿಲ್ಲ. ಬಾಯಲ್ಲಿ ನಾನೂ ಇಂಚು ಎಂದೇ ಹೇಳುವುದು, ಆದರೆ ಪೆನ್ನು ಕೈಗೆ ಬಂದರೆ ತಾನಾಗಿ ಅಂಗುಲ ಬರುತ್ತದೆ. ಆ ದಿನವೂ ಬಂತು.

ಮಾವ ಚೀಟಿಯನ್ನು ಎರಡು ಸಲ ಓದಿದರು. ಒಮ್ಮೆ ನನ್ನ ಮುಖ ನೋಡಿದರು. ಏನೋ ಕೇಳುತ್ತಾರೆ ಅಂದುಕೊಂಡೆ, ಕೇಳಲಿಲ್ಲ. ಚೀಟಿ ಅಂಗಿಯ ಕಿಸೆಗೆ ಹೋಯಿತು.

ಮರ ಸಿಕ್ಕಿದ್ದು ಒಡೆದು ಹಾಕಿದ ಹಳೆಯ ದೋಣಿಯಿಂದ. ಹೆಬ್ಬಲಸಿನ ಹಲಗೆ, ಎಷ್ಟೋ ವರ್ಷ ಉಪ್ಪುನೀರು ಕುಡಿದು ಕಲ್ಲಾಗಿತ್ತು. ಕಬ್ಬಿಣದ ಮೊಳೆ ಬೇಡ, ತಾಮ್ರದ್ದು ಹಾಕುತ್ತೇನೆ ಎಂದು ಮಾವ ತಾವಾಗಿ ಹೇಳಿದರು. ಜಗಳವಾದದ್ದು ಎಣ್ಣೆಯ ವಿಷಯದಲ್ಲಿ. ದೋಣಿಯ ಮರಕ್ಕೆ ಮೀನೆಣ್ಣೆ ಬಳಿಯುವುದು ಅವರ ಪದ್ಧತಿ. ಈ ಪೆಟ್ಟಿಗೆಗೂ ಎರಡು ಕೈ ಬಳಿಯಬೇಕೆಂದು ಹೊರಟಿದ್ದರು. ಒಳಗೆ ಸದಾ ಬಿಸಿಯಾಗುವ ಪೆಟ್ಟಿಗೆಗೆ ಭೂತಾಯಿ ಮೀನಿನ ಎಣ್ಣೆ ಬಳಿದರೆ ಮನೆ ಏನಾಗಬಹುದೆಂದು ನಾನು ವಿವರಿಸಿದೆ. ಮೀನಿನ ಮನೆಯಲ್ಲಿ ಮೀನಿನ ವಾಸನೆ ಬಾರದೆ ಮತ್ತೇನು ಎಂದು ಅವರು ಕೇಳಿದರು. ಅತ್ತೆ ಕೂಡ ನನ್ನ ಪಕ್ಷಕ್ಕೆ ಬಂದ ಅಪರೂಪದ ಸಂದರ್ಭ ಅದು. ಕೊನೆಗೆ ಗೇರುಬೀಜದ ಸಿಪ್ಪೆಯ ಎಣ್ಣೆ ತೆಳ್ಳಗೆ ಒಂದು ಕೈ, ಅದೂ ಹೊರಮೈಗೆ ಮಾತ್ರ ಎಂದು ರಾಜಿಯಾಯಿತು. ಮಾವ ಎರಡು ದಿನ ಮುಖ ಗಂಟು ಹಾಕಿಕೊಂಡೇ ಇದ್ದರು.

ಅಷ್ಟರಲ್ಲಿ ಬೈಂದೂರಿನಿಂದ ಫೋನ್ ಬಂತು. ಫ್ರೀಜರ್ ಗುರುವಾರ ಒಯ್ಯಬಹುದು.

ಮಂಗಳವಾರ ಬೆಳಿಗ್ಗೆ ಮಾವ ಪೆಟ್ಟಿಗೆಯನ್ನು ಗೂಡ್ಸ್ ರಿಕ್ಷಾದಲ್ಲಿ ತಂದರು. ರಿಕ್ಷಾ ಯಾಕೆ, ಹೆಗಲ ಮೇಲೆ ಬರುವಂಥದ್ದಲ್ಲವೇ ಎಂದು ನನಗೆ ಆಗಲೇ ಸಂಶಯ ಬರಬೇಕಿತ್ತು. ಗೋಣಿ ಬಿಚ್ಚಿದಾಗ ಮೊದಲು ಕಂಡದ್ದು ಅದರ ಚೆಂದ. ಜೇನಿನ ಬಣ್ಣ, ಮೂಲೆಗಳು ಒಂದರೊಳಗೊಂದು ಹಲ್ಲು ಕಚ್ಚಿ ಕೂತಿದ್ದವು, ಗಾಳಿಯ ಕಂಡಿಗಳು ಹಳೆಯ ಮನೆಯ ಗಾಳಿಕಿಂಡಿಗಳಂತೆ ಸಾಲಾಗಿದ್ದವು. ಆಮೇಲೆ ಕಂಡದ್ದು ಅದರ ಗಾತ್ರ. ಇಬ್ಬರೂ ಹಿಡಿದು ಮೆಟ್ಟಿಲಡಿ ಇಟ್ಟೆವು. ಹಿಂಬದಿ ಗೋಡೆಗೆ ತಾಗಿತು, ಮುಂಬದಿ ಗೆರೆಯ ಮೇಲೆ ನಿಲ್ಲದೆ ಗೆರೆಯನ್ನು ಮುಚ್ಚಿ ಈಚೆ ಬಂತು.

ಟೇಪು ತಂದು ಅಳೆದೆ. ಹದಿನಾರೂವರೆ. ಇನ್ನೊಮ್ಮೆ ಅಳೆದೆ. ಪೆಟ್ಟಿಗೆಗೆ ಕಡಿಮೆಯಾಗುವ ಯೋಚನೆ ಇರಲಿಲ್ಲ. ಅಡ್ಡ ತಿರುಗಿಸಿ ನೋಡಿದೆ, ಗಾಳಿಯ ಕಂಡಿ ಗೋಡೆಗೆ ಮುಚ್ಚಿಹೋಯಿತು. ಗುರುವಾರಕ್ಕೆ ಎರಡೇ ದಿನ, ತಲೆಯ ಮೇಲೆ ಉಪ್ಪರಿಗೆ.

ಅತ್ತೆ ಮೀನಿಗೆ ಹೋಗಿದ್ದರು, ಅದೊಂದು ಪುಣ್ಯ. ಮಾವನ ಹತ್ತಿರ ನಾನು ದನಿ ಏರಿಸಿದ್ದು ಅದೇ ಮೊದಲು. ಅಳತೆ ಬರೆದು ಕೊಟ್ಟಿದ್ದೆನಲ್ಲ, ಒಂದು ತಿಂಗಳು ಕೂತು ಲೆಕ್ಕ ಹಾಕಿದ್ದೆನಲ್ಲ ಎಂದೆಲ್ಲ ಕೂಗಿದೆ. ಅವರು ಕಿಸೆಯಿಂದ ಚೀಟಿ ತೆಗೆದು ಕೊಟ್ಟರು. ಎಣ್ಣೆಯ ಕಲೆ ಬಿದ್ದಿತ್ತು, ಅಕ್ಷರ ಮಾತ್ರ ಸ್ಪಷ್ಟ. ಹದಿನಾಲ್ಕು ಅಂಗುಲ. ಹೌದಲ್ಲ, ಹದಿನಾಲ್ಕು ಇಂಚು ತಾನೇ ಎಂದೆ.

"ಇಂಚ್ ಬೇರೆ, ಅಂಗುಲ ಬೇರೆ," ಎಂದರು ಮಾವ.

ಅವರು ರಿಕ್ಷಾದಿಂದ ಇಳಿಸಿದ ಇನ್ನೊಂದು ಗೋಣಿಯೊಳಗಿಂದ ಒಂದು ಮರದ ಪಟ್ಟಿ ತೆಗೆದರು. ಹಿಡಿದು ಹಿಡಿದು ಕಪ್ಪಾಗಿ ನುಣುಪಾದದ್ದು, ಮೈಮೇಲೆ ಇಪ್ಪತ್ತನಾಲ್ಕು ಗೀರು. ಅದು ಅವರ ಕೋಲು. ಮನೆಯ ಪಾಯ, ಹೆಬ್ಬಾಗಿಲು, ದೇವರ ಮಂಟಪ, ಇಂಥದಕ್ಕೆಲ್ಲ ಹಳೆಯ ಕೆಲಸದವರು ಅಳೆಯುತ್ತಿದ್ದುದು ಕೋಲಿನಿಂದ. ಕೋಲಿನ ಒಂದು ಗೀರಿಗೆ ಒಂದು ಅಂಗುಲ. ಮೇಜು, ಸ್ಟೂಲು, ದೋಣಿಯ ತೇಪೆಗೆ ಟೇಪು ಸಾಕು, ಅಲ್ಲಿ ಇಂಚು. ನನ್ನ ಟೇಪನ್ನು ಕೋಲಿನ ಪಕ್ಕ ಇಟ್ಟು ನೋಡಿದೆವು. ಅಂಗುಲ ಇಂಚಿಗಿಂತ ಒಂದೂವರೆ ನೂಲು ಉದ್ದ, ಎಂಟು ನೂಲಿಗೆ ಒಂದು ಇಂಚು. ಹದಿನಾಲ್ಕು ಸಲ ಒಂದೂವರೆ ನೂಲು ಸೇರಿ ನನ್ನನ್ನು ಗೆರೆಯಾಚೆ ದಾಟಿಸಿತ್ತು.

"ಇಂಚ್ ಅಂತ ಬರ್ದಿರೆ ಟೇಪ್ ಹಿಡಿತಿದ್ದೆ. ನೀನ್ ಅಂಗುಲ ಬರ್ದಿದ್ದೆ. ಅಟ್ಟದಿಂದ ಕೋಲ್ ಇಳ್ಸಿ ತಂದೆ."

ಎಷ್ಟೋ ಲೇಖಕರ ಇಂಚನ್ನು ಹೊಡೆದುಹಾಕಿದ ನನ್ನ ಪೆನ್ನಿಗೆ ಒಂದು ಶಬ್ದದ ಅರ್ಥ ಗೊತ್ತಿರಲಿಲ್ಲ. ನಾಚಿಕೆಯಾಯಿತು. ಸಿಟ್ಟೂ ಪೂರ್ತಿ ಇಳಿದಿರಲಿಲ್ಲ. ಕಂಪ್ಯೂಟರಿನ ಪೆಟ್ಟಿಗೆಗೆ ಯಾರಾದರೂ ಕೋಲಿನ ಅಳತೆ ಕೊಡುತ್ತಾರೆಯೇ, ಒಂದು ಮಾತು ಕೇಳಬಾರದಿತ್ತೇ ಎಂದೆ.

ಮಾವ ಕೋಲನ್ನು ಒರೆಸುತ್ತಾ ನಿಂತಿದ್ದರು.

"ಕೇಂಬ ಅಂತ ಕಂಡಿತ್. ಮತ್ತೆ ಎಣ್ಸ್ದೆ, ಊರೋರ್ ಬರ್ದದ್ದ್ರ ತಪ್ಪ್ ತೆಗುದೇ ನಿನ್ ಕೆಲ್ಸ. ನೀನ್ ಬರ್ದದ್ದ್ರಗೆ ನಾನ್ ತಪ್ಪ್ ಹುಡ್ಕುದಾ?"

ಕೆಲಸ. ಆ ಮನೆಗೆ ಕಾಲಿಟ್ಟು ಇಷ್ಟು ವರ್ಷದಲ್ಲಿ ಆ ಶಬ್ದವನ್ನು ನನ್ನದಕ್ಕೆ ಯಾರೂ ಬಳಸಿರಲಿಲ್ಲ. ಬಳಸಿದವರು ಅದರ ಕಡೆ ಗಮನ ಕೊಡದೆ ಪೆಟ್ಟಿಗೆಯ ಮೂಲೆಯನ್ನು ಹೆಬ್ಬೆರಳಿನಲ್ಲಿ ಉಜ್ಜುತ್ತಿದ್ದರು. ನನಗೆ ಅಳು ಬಂತು. ಪೆಟ್ಟಿಗೆ ದೊಡ್ಡದಾದದ್ದಕ್ಕೆ ಅಂತ ಅವರು ತಿಳಿದಿರಬೇಕು.

"ಅಳೂಕೆಂತ ಇತ್ತ್? ಹ್ಯಾಂಗೂ ಮೆಟ್ಲಡಿಗ್ ಇದನ್ನ ಇಡೂಕಾಗ. ಕೋಲ್ ಹಿಡ್ದ್ ಮಾಡಿದ್ದ್. ಜನ ಇದ್ರ್ ತಲಿ ಮೇಲ್ ಮೆಟ್ಟ್ಕಂಡ್ ಹೋಪುದಾ?"

ಹೀಗೆಂದು ಅವರು ಚಾವಡಿಗೆ ಹೋಗಿ ತಮ್ಮ ಕುರ್ಚಿಯನ್ನು ಎತ್ತಿ ಹೊರಗೆ ಜಗಲಿಯಲ್ಲಿಟ್ಟರು. ಕಿಟಕಿಯ ಕೆಳಗೆ ಖಾಲಿಯಾದ ಜಾಗವನ್ನು ಕೋಲಿನಿಂದ ಒಮ್ಮೆ ಅಳೆದರು. ನನ್ನ ಮೇಜನ್ನು ಅಲ್ಲಿಗೆ ಎಳೆದು ತಂದು, ಪೆಟ್ಟಿಗೆಯನ್ನು ಅದರ ಬಲಬದಿಯಲ್ಲಿ ಇಡಲು ನನ್ನನ್ನು ಕರೆದರು. ಪೆಟ್ಟಿಗೆ ಅಲ್ಲಿ ಕೂತಿತು. ಬೆಳಕೂ ಗಾಳಿಯೂ ಧಾರಾಳ.

ಮಧ್ಯಾಹ್ನ ಬಂದ ಅತ್ತೆ ಬುಟ್ಟಿ ಇಳಿಸಿ, ಚಾವಡಿ ನೋಡಿ, ಮೆಟ್ಟಿಲಡಿ ನೋಡಿದರು.

"ಮೊದ್ಲೇ ಅಲ್ಲಿಟ್ಟಿರೆ ನಂಗ್ ಈ ಗೆರಿ ಎಳೂದೆಂತಕ್ ಇದ್ದಿತ್?" ಎಂದು ನನ್ನನ್ನೇ ಬೈದರು. ಕಾಲಿನಲ್ಲಿ ಗೆರೆ ಒರೆಸಿದರು. ಗುರುವಾರ ಫ್ರೀಜರ್ ಬಂತು.

ಇದಾಗಿ ಎರಡು ವರ್ಷ. ಅತ್ತೆ ಈಗಲೂ ನಾನು ಕುಟ್ಟುತ್ತೇನೆ ಎಂದೇ ಹೇಳುತ್ತಾರೆ. ಪೆಟ್ಟಿಗೆ ಬಾಗಿಲಿನ ಹತ್ತಿರವೇ ಇರುವುದರಿಂದ ಒಂದು ತೊಂದರೆ ಇದೆ, ಬಂದವರಲ್ಲಿ ಕೆಲವರು ಅದರ ಮೇಲಿನ ಗುಂಡಿಯನ್ನು ಕರೆಗಂಟೆ ಎಂದು ಒತ್ತಿಬಿಡುತ್ತಾರೆ. ಗಂಟೆ ಹೊಡೆಯುವುದಿಲ್ಲ, ನನ್ನ ಕಂಪ್ಯೂಟರ್ ಆರುತ್ತದೆ. ಆಗ ಜಗಲಿಯ ಕುರ್ಚಿಯಿಂದ ಮಾವನ ದನಿ ಕೇಳುತ್ತದೆ:

"ಹ್ವಾಯ್, ಅದನ್ನ್ ಮುಟ್ಬೇಡಿ. ಒಳ್ಗ್ ಕೆಲ್ಸ ನಡಿತಾ ಇತ್ತ್."

ಕರಡಿನಲ್ಲಿ ಇಂಚು ಕಂಡರೆ ಈಗ ಹಾಗೆಯೇ ಬಿಡುತ್ತೇನೆ. ಎಣ್ಣೆಯ ಕಲೆಯ ಆ ಚೀಟಿಯನ್ನು ಪೆಟ್ಟಿಗೆಯ ಒಳಗೋಡೆಗೆ ಅಂಟಿಸಿದ್ದೇನೆ. ಧೂಳು ತೆಗೆಯಲು ಅದರ ಬಾಗಿಲು ತೆರೆದಾಗಲೆಲ್ಲ ಕಾಣುತ್ತದೆ, ನನ್ನ ದುಂಡಗಿನ ಅಕ್ಷರದಲ್ಲಿ, ಹದಿನಾಲ್ಕು ಅಂಗುಲ. ಅದನ್ನು ನಾನು ತಿದ್ದಿಲ್ಲ.